ಇಪ್ಪತ್ತು ನಿಮಿಷ

ಸಂಚಿಕೆಗೆ ಏನಾದ್ರೂ ಬರ್ಕೊಡಿ ಸಾರ್ ಅಂತ ಸಂಪಾದಕ ಮಂಡಳಿಯ ಹುಡುಗಿ ಫೋನ್ ಮಾಡಿದಾಗ ನಾನು ಮೊದಲು ಬರೆದಿದ್ದು ಬೇರೇನೇ. 1988ರ ಬ್ಯಾಚಿನವರು ಏನೂ ಇಲ್ದೆ ಹೇಗೆ ಓದಿ ಮುಂದೆ ಬಂದ್ವಿ ಅಂತ ನಾಲ್ಕು ಪುಟ. ನಾನೇ ಹೇಳ್ಕೋಬಾರ್ದು, ಆದ್ರೂ ಆ ವರ್ಷ ಲೆಕ್ಕದಲ್ಲಿ ನೂರಕ್ಕೆ ನೂರು ತಗೊಂಡ ಇಬ್ಬರಲ್ಲಿ ನಾನೊಬ್ಬ, ಅದೂ ಅದ್ರಲ್ಲಿ ಇತ್ತು. ಅದನ್ನ ಹರಿದು ಹಾಕಿ ಇದನ್ನ ಬರೀತಿದೀನಿ, ಯಾಕಂದ್ರೆ ಆ ನೂರು ತೆಗ್ಸಿದ ಮೇಷ್ಟ್ರು ಹೋದ ವರ್ಷ ತೀರಿಕೊಂಡ್ರು, ಅವರ ವಿಷಯ ಬರೆಯೋಕೆ ಕೂತ್ರೆ ಅಂಕಪಟ್ಟಿ ನೆನಪಿಗೆ ಬರಲ್ಲ, ಸ್ಟಾಫ್ ರೂಮಿನ ಗೋಡೆ ಗಡಿಯಾರಾನೇ ಕಣ್ಮುಂದೆ ಬರತ್ತೆ.

ಮೇಷ್ಟ್ರು ಕುಳ್ಳಗಿದ್ರು, ಬೋರ್ಡಿನ ಮೇಲಿನ ಅರ್ಧ ಅವರಿಗೆ ಎಟುಕ್ತಾನೇ ಇರ್ಲಿಲ್ಲ, ಹಾಗಾಗಿ ಲೆಕ್ಕವೆಲ್ಲ ಕೆಳಗಡೆ ಒತ್ತೊತ್ತಾಗಿ, ಹಿಂದಿನ ಬೆಂಚಿನವರು ಎದ್ದು ನಿಂತು ಬರ್ಕೋಬೇಕು. ವಾರಕ್ಕೊಂದು ನೀತಿ ಪಾಠದ ಪಿರಿಯಡ್ಡೂ ಅವರದ್ದೇ. ಬೇರೆಯವರಾದ್ರೆ ಆ ಪಿರಿಯಡ್ಡಲ್ಲಿ ಸುಳ್ಳು ಹೇಳಬಾರದು ಅಂತ ಬರೆಸಿ ಕಳಿಸೋರು, ಇವರು ಬೈಬಲ್ಲಿಂದ ಲೆಕ್ಕ ತೆಗೀತಿದ್ರು. ಒಂದಿನ ಬಂದವರೇ ಬೋರ್ಡ್ ಮೇಲೆ 153 ಅಂತ ಬರೆದು, ಈ ನಂಬರಲ್ಲಿ ಏನಿದೆ ಹೇಳಿ ಅಂದ್ರು. ಯಾರಿಗೂ ಗೊತ್ತಾಗ್ಲಿಲ್ಲ. ಒಂದರಿಂದ ಹದಿನೇಳರವರೆಗೆ ಕೂಡಿಸಿ ಅಂದ್ರು, 153. ಒಂದರ ಘನ, ಐದರ ಘನ, ಮೂರರ ಘನ ಕೂಡಿಸಿ ಅಂದ್ರು, 1, 125, 27, ಮತ್ತೆ 153! ಕ್ಲಾಸೆಲ್ಲ ಓ ಅಂತು. ಆಮೇಲೆ ಹೇಳಿದ್ರು, ಇದು ಯೋಹಾನನ ಸುವಾರ್ತೆ 21ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರ ದಡಕ್ಕೆ ಎಳೆದ ಮೀನಿನ ಲೆಕ್ಕ, ಹದಿನೇಳರ ಆ ಮೊತ್ತವನ್ನ ಸಾವಿರದಾರುನೂರು ವರ್ಷದ ಹಿಂದೇನೇ ಸಂತ ಅಗಸ್ಟೀನ್ ಕಂಡ್ಕೊಂಡಿದ್ದ ಅಂತ. ಅದೇ ಅಗಸ್ಟೀನ್ ಹದಿನಾರನೇ ವಯಸ್ಸಲ್ಲಿ ಗೆಳೆಯರ ಜೊತೆ ಸೇರಿ ಪಿಯರ್ ಹಣ್ಣು ಕದ್ದಿದ್ನಂತೆ, ಹಸಿವಿಗಲ್ಲ, ತಿನ್ನೋಕೂ ಅಲ್ಲ, ಕದಿಯೋ ಖುಷಿಗೆ, ಬಿಷಪ್ ಆದಮೇಲೂ ಅದನ್ನ ಮರೀದೆ ಕೂತು ಬರೆದ್ನಂತೆ. ಆಗ ನಾವು ನಕ್ವಿ. ಹಣ್ಣು ಕದ್ದಿದ್ದಕ್ಕೆ ಇಷ್ಟೆಲ್ಲಾನಾ ಅಂತ.

ಈಗ ಗಡಿಯಾರದ ವಿಷಯ. ಪಕ್ಕದ ಶಾಲೆಯವರ ಜೊತೆ ಮ್ಯಾಚ್ ಇತ್ತು, ಶಾಲೆ ಬಿಡೋದು ನಾಲ್ಕೂವರೆಗೆ, ಅಷ್ಟೊತ್ತಿಗೆ ಹೋದ್ರೆ ಬೆಳಕು ಸಾಲಲ್ಲ. ಹೆಡ್‌ಮಾಸ್ಟರ್ ಅವತ್ತು ಯಾವ್ದೋ ಮೀಟಿಂಗಿಗೆ ಹೋಗಿದ್ರು. ಮಧ್ಯಾಹ್ನ ಸೀಮೆಸುಣ್ಣ ತರೋ ನೆಪದಲ್ಲಿ ಸ್ಟಾಫ್ ರೂಮಿಗೆ ಹೋಗಿ ಸ್ಟೂಲ್ ಹತ್ತಿ ಮುಳ್ಳನ್ನ ಇಪ್ಪತ್ತು ನಿಮಿಷ ಮುಂದೆ ತಳ್ಳಿದೆ. ಐಡಿಯಾ ನಾಲ್ಕು ಜನರದ್ದು, ಬೆರಳು ನಂದು. ಅಟೆಂಡರ್ ಆ ಗಡಿಯಾರ ನೋಡೇ ಗಂಟೆ ಹೊಡೀತಿದ್ದಿದ್ದು, ಹೊಡೆದ್ರು, ನಾಲ್ಕು ಹತ್ತಕ್ಕೆ ಶಾಲೆ ಖಾಲಿ. ಕೈಗೆ ವಾಚ್ ಕಟ್ಟಿದ್ದ ಟೀಚರುಗಳು ಯಾರೂ ಬಾಯಿ ಬಿಡ್ಲಿಲ್ಲ, ಯಾಕೆ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ.

ಇಷ್ಟೇ ಆಗಿದ್ರೆ ಇದು ರೀಯೂನಿಯನ್‌ನಲ್ಲಿ ನಗೋ ಕಥೆ. ಆದ್ರೆ ನಾನು ಬುದ್ಧಿವಂತ ನೋಡಿ, ಎಲ್ಲರೂ ಗೇಟ್ ಕಡೆ ಓಡ್ತಿರುವಾಗ ವಾಪಸ್ ಹೋಗಿ ಮುಳ್ಳನ್ನ ಸರಿ ಮಾಡಿ ಇಟ್ಟೆ. ಸುಳಿವು ಇರಬಾರ್ದು ಅಂತ. ಅವತ್ತೇ, ಕಾಲು ಗಂಟೆಯೂ ಕಳೆದಿಲ್ಲ, ಸ್ಕೂಲ್ ಇನ್‌ಸ್ಪೆಕ್ಟರ್ ಜೀಪು ಬಂದು ನಿಂತ್ರೆ ಒಳಗೆ ಮಕ್ಕಳೇ ಇಲ್ಲ. ಗಡಿಯಾರ ನೋಡಿದ್ರೆ ಸರಿಯಾಗಿದೆ. ಗಡಿಯಾರ ನೋಡೇ ಹೊಡ್ದೆ ಸಾರ್ ಅಂತ ಅಟೆಂಡರ್ ಹೇಳ್ತಾನೇ ಇದ್ರು, ಗಡಿಯಾರಾನೇ ಅವರ ಮಾತನ್ನ ಸುಳ್ಳು ಮಾಡ್ತು. ಅವರಿಗೆ ಮೆಮೋ ಕೊಟ್ರು, ಗಂಟೆ ಡ್ಯೂಟಿ ತೆಗೆದು ಸಾಮಾನು ರೂಮಿಗೆ ಹಾಕಿದ್ರು.

ಮೇಷ್ಟ್ರು ನನ್ನನ್ನ ಮೂರು ಸಲ ಕೇಳಿದ್ರು. ಮಾರನೇ ದಿನ ಕ್ಲಾಸಲ್ಲಿ ಎಲ್ಲರ ಜೊತೆ. ಆಮೇಲೆ ಕಾರಿಡಾರಲ್ಲಿ, ಒಬ್ಬನೇ ಇದ್ದಾಗ, ಹೆಗಲ ಮೇಲೆ ಕೈ ಇಟ್ಟು. ಕೊನೇದು ಬೀಳ್ಕೊಡುಗೆ ದಿನ, ನಂಗೇನಾದ್ರೂ ಹೇಳೋದಿದೆಯೇನೋ ಅಂತ. ದೇವರಾಣೆ ನಾನಲ್ಲ ಸಾರ್ ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಆಣೆ ಯಾಕಪ್ಪ, ಬರೀ ಇಲ್ಲ ಅಂದಿದ್ರೆ ಸಾಕಿತ್ತಲ್ಲ, ಅಂದ್ರು. ಅಷ್ಟೇ.

ಈಗಿನ ಮಕ್ಕಳಿಗೆ ಇದು ಅರ್ಥ ಆಗಲ್ಲ. ಪ್ರತಿ ಮೂಲೇಲೂ ಸಿಸಿಟಿವಿ, ಯಾರು ಏನು ಮಾಡಿದ್ರು ಅಂತ ಐದು ನಿಮಿಷದಲ್ಲಿ ಗೊತ್ತಾಗತ್ತೆ, ಪೇರೆಂಟ್ಸ್ ವಾಟ್ಸಾಪಿಗೆ ವಿಡಿಯೋನೇ ಬರತ್ತೆ. ಒಳ್ಳೇದೇ ಇರಬಹುದು. ಆದ್ರೆ ತಪ್ಪನ್ನ ತಾನಾಗೇ ಬಂದು ಹೇಳೋ ಅವಕಾಶ ಯಾವ ಮಗುವಿಗೂ ಉಳಿದಿಲ್ಲ, ಮೂರು ಸಲ ಕೇಳೋ ಮೇಷ್ಟ್ರಂತೂ ಬೇಕಾಗೇ ಇಲ್ಲ. ಮೌಲ್ಯ ಶಿಕ್ಷಣ ಅಂತ ವರ್ಕ್‌ಶೀಟ್ ಕೊಡ್ತಾರೆ, ಪ್ರಾಮಾಣಿಕತೆ ಅಂದ್ರೇನು, ಖಾಲಿ ಜಾಗ ತುಂಬಿ.

ನಾನು ಹುಟ್ಟಿನಿಂದ ಕ್ರೈಸ್ತ, ಬ್ಯಾಪ್ಟಿಸಮ್ ರಿಜಿಸ್ಟರಲ್ಲಿ ಹೆಸರಿದೆ. ನಮ್ಮ ಚರ್ಚ್ ಸಭೆಗೆ ಒಂಬತ್ತು ವರ್ಷದಿಂದ ಕಾರ್ಯದರ್ಶಿ, ಚೆನ್ನಾಗಿ ಮಾತಾಡ್ತೀನಿ ಅಂತಾನೂ ಜನ ಹೇಳ್ತಾರೆ, ಯೇಸು ಹೇಳಿದ ತಪ್ಪಿಹೋದ ಮಗನ ಕಥೆ ಮೇಲೆ ನಾನು ಮಾತಾಡಿದ್ದು ಕೇಳಿ ಅತ್ತವರಿದ್ದಾರೆ. ಪಾಪವನ್ನ ಅರಿಕೆ ಮಾಡಿದ್ರೆ ಆತನು ಕ್ಷಮಿಸ್ತಾನೆ ಅನ್ನೋ 1 ಯೋಹಾನ 1:9 ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಆದ್ರೆ ಗೋಡೆ ಗಡಿಯಾರ ಇರೋ ಯಾವ ರೂಮಿಗೆ ಹೋದ್ರೂ ನಾನು ಅದಕ್ಕೆ ಬೆನ್ನು ಹಾಕಿ ಕೂರ್ತಿದ್ದೆ, ಹೆಂಡತಿಗೂ ಕಾರಣ ಗೊತ್ತಿರ್ಲಿಲ್ಲ. ಪ್ರಾರ್ಥನೆ ಮಾಡ್ತಿದ್ದೆ, ಸಗಟು ಲೆಕ್ಕದಲ್ಲಿ. ತಿಳಿದೂ ತಿಳಿಯದೆಯೂ ಮಾಡಿದ ಪಾಪಗಳನ್ನ ಕ್ಷಮಿಸು ಸ್ವಾಮಿ ಅಂತ. ಬಿಡಿಬಿಡಿಯಾಗಿ ಹೇಳೋಕೆ ನಾಲಿಗೆ ಏಳ್ತಿರ್ಲಿಲ್ಲ. ಊರೀಯನನ್ನ ಸಾಯಿಸಿ ಅವನ ಹೆಂಡತೀನ ತಗೊಂಡ ರಾಜ ದಾವೀದನಿಗೂ, ಪ್ರವಾದಿ ನಾತಾನ ಬಂದು ಆ ಮನುಷ್ಯ ನೀನೇ ಅನ್ನೋವರೆಗೂ ಅದು ಯಾರದ್ದೋ ಕುರಿ ಕಥೆ ಆಗಿತ್ತಲ್ಲ, ಹಾಗೆ.

ಮೇಷ್ಟ್ರ ಅಂತ್ಯಕ್ರಿಯೆ ಆರಾಧನೇಲಿ ಯೋಹಾನ 21 ಓದಿದ್ರು, ಅವರೇ ಮೊದ್ಲೇ ಹೇಳಿಟ್ಟಿದ್ರಂತೆ. ನೂರಾರು ಸಲ ಕೇಳಿದ ಭಾಗ. ದಡದಲ್ಲಿ ಇದ್ದಿಲ ಬೆಂಕಿ, ಮೀನು, 153, ನಾನು ಒಳಗೊಳಗೇ ಹದಿನೇಳರವರೆಗೆ ಕೂಡಿಸ್ತಾ ಕೂತಿದ್ದೆ. ಆಮೇಲೆ ಪಾಸ್ಟರ್ ಒಂದು ಮಾತು ಹೇಳಿದ್ರು. ಇದ್ದಿಲ ಬೆಂಕಿಗೆ ಇಲ್ಲಿರೋ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರೋದು ಎರಡೇ ಕಡೆ, ಎರಡೂ ಯೋಹಾನನಲ್ಲೇ. ಒಂದು ಮಹಾಯಾಜಕನ ಅಂಗಳದಲ್ಲಿ, ಯೇಸುವನ್ನ ಹಿಡಿದ ರಾತ್ರಿ ಪೇತ್ರ ಚಳಿ ಕಾಯಿಸ್ತಾ ಅವನನ್ನ ನಾನರಿಯೆ ಅಂತ ಮೂರು ಸಲ ಅಂದ ಜಾಗ, ಇನ್ನೊಂದು ಈ ದಡ. ಮತ್ತಾಯನ ಸುವಾರ್ತೆ ಪ್ರಕಾರ ಮೂರನೇ ಸಲ ಪೇತ್ರ ಆಣೆ ಇಟ್ಟು ಶಪಿಸಿಕೊಂಡ. ಸತ್ತು ಎದ್ದುಬಂದ ಯೇಸು ದಡದಲ್ಲಿ ಯಾಕೆ ಹಾಗಂದೆ ಅಂತ ಒಂದು ಸಲಾನೂ ಕೇಳ್ಲಿಲ್ಲ, ನನ್ನನ್ನ ಪ್ರೀತಿಸ್ತೀಯಾ ಅಂತ ಮೂರು ಸಲ ಕೇಳಿದ. ನಂಗೆ ಅಲ್ಲಿ ಕೂರೋಕಾಗ್ಲಿಲ್ಲ. ಎದ್ದು ಹೊರಗೆ ಬಂದೆ, ಜನ ಶಿಷ್ಯನಿಗೆ ದುಃಖ ತಡೆಯೋಕಾಗ್ತಿಲ್ಲ ಅಂದ್ಕೊಂಡ್ರು.

ಮೇಷ್ಟ್ರಿಗೆ ಹೇಳೋ ಕಾಲ ಮುಗಿದಿತ್ತು. ಅದೇ ದೊಡ್ಡ ಕುಟುಕು. ಆ ವಾರಾನೇ ಪಾಸ್ಟರ್ ಹತ್ರ ಹೋಗಿ ಎಲ್ಲ ಹೇಳಿದೆ, ಸ್ಟೂಲ್ ಸಮೇತ. ಸತ್ತವರ ಹತ್ರ ಹೆಂಗೆ ಕ್ಷಮೆ ಕೇಳೋದು ಅಂತ ಕೇಳಿದೆ. ಅವರು 51ನೇ ಕೀರ್ತನೆ ತೆಗೆದ್ರು. ನಿನಗೇ, ಕೇವಲ ನಿನಗೇ ಪಾಪ ಮಾಡಿದ್ದೇನೆ ಅಂತಾನಲ್ಲ ದಾವೀದ, ಊರೀಯನ ಕಥೆ ಏನು, ಅವನಿಗೆ ಮಾಡಿದ್ದಲ್ವಾ ಅಂತ ನಂಗೆ ಆ ವಚನದ ಮೇಲೆ ಯಾವಾಗ್ಲೂ ಒಂಥರಾ ಸಿಟ್ಟಿತ್ತು. ಪಾಸ್ಟರ್ ಅಂದ್ರು, ಊರೀಯ ಸತ್ತಿದ್ದ, ದಾವೀದನಿಗೆ ಹೋಗೋಕೆ ಇನ್ಯಾವ ಬಾಗಿಲಿತ್ತು? ಸತ್ತವರ ಲೆಕ್ಕಾನೂ ದೇವರ ಕೈಲೇ ಇದೆ, ಅಲ್ಲಿ ಕೊಡು. ಯೇಸುವನ್ನ ಹಿಡಿದುಕೊಟ್ಟ ಯೂದನಿಗೂ ಪಶ್ಚಾತ್ತಾಪ ಆಗಿತ್ತು, ಮೂವತ್ತು ಬೆಳ್ಳಿ ನಾಣ್ಯ ವಾಪಸ್ ಕೊಟ್ಟು ಪಾಪ ಮಾಡಿದೆ ಅಂತ ಬಾಯ್ಬಿಟ್ಟೇ ಹೇಳಿದ, ಆದ್ರೆ ಹೇಳಿದ್ದು ಯಾಜಕರ ಹತ್ರ, ಅವರು ಅದು ನಮಗೇನು ಅಂದ್ಬಿಟ್ರು. ಪೇತ್ರ ಅತ್ತು, ಆಮೇಲೂ ಉಳಿದವರ ಜೊತೆಗೇ ಇದ್ದ, ಅದಕ್ಕೇ ಆ ಬೆಳಗ್ಗೆ ದೋಣಿಯಲ್ಲಿ ಸಿಕ್ಕಿದ.

ಇಬ್ಬರೂ ಮೊಣಕಾಲೂರಿದ್ವಿ. ಮೊದಲ ಸಲ ಬಿಡಿಬಿಡಿಯಾಗಿ ಹೇಳಿದೆ. ಮುಳ್ಳು ಮುಂದಿಟ್ಟಿದ್ದು. ಹಿಂದಿಟ್ಟಿದ್ದು. ಆಣೆ. ಅವರ ಹೆಸರು ಹಿಡಿದು. ಮಿಂಚು ಹೊಡೀಲಿಲ್ಲ, ಏನೂ ಆಗ್ಲಿಲ್ಲ, ಎದ್ದಾಗ ಮೊಣಕಾಲು ನೋಯ್ತಿತ್ತು. ಬಾಗಿಲ ಹತ್ರ ಪಾಸ್ಟರ್ ಕೇಳಿದ್ರು, ಅಟೆಂಡರ್ ಇದ್ದಾರಾ? ಇದ್ದಾರೆ ಅಂದೆ, ಎಂಬತ್ತು ದಾಟಿದೆ. ಮತ್ತೆ? ಅಂದ್ರು. ಮೊದ್ಲು ಹೋಗಿ ಅವರ ಹತ್ರ ಸರಿ ಮಾಡ್ಕೊಂಡು ಬಂದಿದ್ರೆ ದೇವರು ಕ್ಷಮಿಸ್ತಿದ್ನೇನೋ ಅಂದೆ. ಉಲ್ಟಾ, ಅಂದ್ರು. ಯೇಸು ಸುಂಕ ವಸೂಲಿಯ ಜಕ್ಕಾಯನ ಮನೆಗೆ ಬರ್ತೀನಿ ಅಂದಿದ್ದು ಮೊದಲು, ಅವನು ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದಿದ್ದು ಆಮೇಲೆ. ಲೆಕ್ಕದ ಮೇಷ್ಟ್ರ ಶಿಷ್ಯ ನೀನು, ಸ್ಟೆಪ್ಸ್ ಸರಿಯಾಗಿ ಬರಿ.

ಹೋದೆ. ಅಟೆಂಡರ್ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ರು, ಗುರುತು ಸಿಗ್ಲಿಲ್ಲ. ನಿಂತ್ಕೊಂಡೇ ಹೇಳಿದೆ, ಕೂತ್ರೆ ಎದ್ದು ಬಂದ್ಬಿಡ್ತೀನಿ ಅನ್ನೋ ಭಯ. ಅವರು ಬೈತಾರೆ ಇಲ್ಲ ಹೋಗ್ಲಿ ಬಿಡಪ್ಪ ಅಂತಾರೆ, ಎರಡಕ್ಕೂ ರೆಡಿಯಾಗಿದ್ದೆ. ಅವರು ಎರಡೂ ಅನ್ನಲಿಲ್ಲ. ತುಂಬಾ ಹೊತ್ತಾದಮೇಲೆ, ಎಷ್ಟು ಮುಂದೆ ಇಟ್ಟಿದ್ದೆ ಅಂದ್ರು. ಇಪ್ಪತ್ತು ನಿಮಿಷ ಅಂದೆ.

'ಹಂಗಾದ್ರೆ ನನ್ ಕಣ್ಣು ಸರಿಯಾಗೇ ಇತ್ತು.'

ಅವತ್ತು ತಾನೇ ಮುಳ್ಳು ತಪ್ಪಾಗಿ ನೋಡಿದೆ ಅಂತ ಅವರು ಇಷ್ಟು ವರ್ಷ ನಂಬಿದ್ರು. ಕಣ್ಣಾಸ್ಪತ್ರೆಗೆ ಹೋಗಿ ಬಂದಿದ್ರಂತೆ, ಡಾಕ್ಟರ್ ಏನೂ ಇಲ್ಲ ಅಂದ್ರೂ ಸಮಾಧಾನ ಆಗಿರ್ಲಿಲ್ಲವಂತೆ. ರಿಟೈರ್ ಆಗೋವರೆಗೂ ಟೈಮ್ ಎಷ್ಟು ಅಂತ ಇನ್ನೊಬ್ಬರನ್ನ ಕೇಳೇ ನಂಬ್ತಿದ್ದಿದ್ದಂತೆ. ಕೆಲಸ ಹೋಗ್ಲಿಲ್ವಲ್ಲ, ಬರೀ ಗಂಟೆ ಡ್ಯೂಟಿ ತಾನೇ ಅಂತ ನಾನು ನನಗೇ ಸಮಾಧಾನ ಹೇಳ್ಕೊಂಡಿದ್ದೆ. ನಾನು ಏನು ಕಿತ್ಕೊಂಡಿದ್ದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಒಳಗೆ ಬಾ, ಅಂದ್ರು ಅವರು, ಕುರ್ಚಿಯಿಂದ ಏಳ್ತಾ. ಇವಳಿಗೂ ಹೇಳು ಇದನ್ನ.

ಅವರ ಹೆಂಡತಿ ಮುಂದೆ ಮೊದಲಿಂದ ಹೇಳಿದೆ. ಮುಗಿಯೋಷ್ಟರಲ್ಲಿ ಅವರು ಮಗನಿಗೆ ಫೋನ್ ಹಚ್ಚಿದ್ರು, ಸ್ಪೀಕರ್ ಆನ್ ಮಾಡಿ ನನ್ನ ಕಡೆ ಹಿಡಿದ್ರು, ಹೇಳು, ಇನ್ನೊಂದು ಸಲ ಹೇಳು ಅಂತ. ಮೂರನೇ ಸಲ ಹೇಳೋವಾಗ ಗಂಟಲು ಕಟ್ಟಲಿಲ್ಲ. ಎದುರಿಗೆ ಗೋಡೆ ಗಡಿಯಾರ ಇತ್ತು, ಅದನ್ನ ನೋಡ್ತಾನೇ ಹೇಳಿದೆ.