ಆ ಚಪ್ಪಾಳೆಯಲ್ಲಿ ನಂದೂ ಒಂದು

ಕಳೆದ ಶನಿವಾರ ಮಗಳು ಕನ್ನಡ ಕ್ಲಾಸಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದಳು. ಟೀಚರ್ ಯಾಕೆ ಅಂತ ಕೇಳಿದರಂತೆ. "ಪಕ್ಕದ್ಮನೆ ಅಜ್ಜಿ ಕಾರಿಂದ ಇಳೀಲೇ ಇಲ್ಲ" ಅಂದಳಂತೆ. ನಿಜವೇ ಹೇಳಿದ್ದಾಳೆ.

ಅಜ್ಜಿಯ ಕಾರು ರಿಪೇರಿಗೆ ಹೋಗಿತ್ತು. ಲೈಬ್ರರಿ ತನಕ ಬಿಡ್ತೀಯಾ ಅಂದರು, ಹತ್ತಿಸಿಕೊಂಡೆ. ಎಂಬತ್ತರ ಹತ್ತಿರದ ವಯಸ್ಸು. ನಮ್ಮ ಮನೆಯ ಒಗ್ಗರಣೆ ವಾಸನೆಗೆ ಕಿಟಕಿ ತೆಗೆಯುವವರೇ ಹೊರತು ಮುಚ್ಚುವವರಲ್ಲ. ನನ್ನ ಕಾರು ಹಳೆಯದು, ಹಾಗಾಗಿ ಅದರಲ್ಲಿ ಸಿಡಿ ಪ್ಲೇಯರ್ ಇನ್ನೂ ಉಳಿದಿದೆ. ಅದರೊಳಗೆ ಎರಡು ವಾರದಿಂದ ಒಂದೇ ಸಿಡಿ. ಅದೇ ಲೈಬ್ರರಿಯ ಹಳೇ ಪುಸ್ತಕ ಮಾರಾಟದಲ್ಲಿ ಒಂದು ಡಾಲರಿಗೆ ಸಿಕ್ಕಿದ್ದು. ಕೀಲಿ ತಿರುಗಿಸಿದ ಕೂಡಲೇ ಸ್ಯಾಕ್ಸೊಫೋನ್ ಶುರುವಾಯಿತು. ಅಜ್ಜಿ ಸೀಟ್ ಬೆಲ್ಟ್ ಎಳೆಯುತ್ತಿದ್ದವರು ಕೈಯನ್ನು ಅಲ್ಲೇ ನಿಲ್ಲಿಸಿದರು.

"ಇದು ಮಾಂಟೆರೇ ಅಲ್ವಾ?"

ಹೌದು, ಮಾಂಟೆರೇ. ನಾವಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಒಂದೂವರೆ ಗಂಟೆಯೊಳಗಿನ ದಾರಿ. ಅಲ್ಲಿ 1958ರಿಂದ ಜಾಝ್ ಉತ್ಸವ ನಡೆಯುತ್ತದೆ. 1965ರ ಸೆಪ್ಟೆಂಬರ್ 18ರಂದು ಅಲ್ಲಿ ಜಾನ್ ಹ್ಯಾಂಡಿ ಎಂಬ ಜಾಝ್ ಸ್ಯಾಕ್ಸೊಫೋನ್ ವಾದಕರು ನುಡಿಸಿದ್ದರ ರೆಕಾರ್ಡಿಂಗ್ ಇದು. ಇರುವುದು ಎರಡೇ ಎರಡು ಕೃತಿ. ಒಂದು 26 ನಿಮಿಷಕ್ಕೂ ಜಾಸ್ತಿ, ಇನ್ನೊಂದು ಸುಮಾರು 20 ನಿಮಿಷ. ಎಲ್‌ಪಿ ರೆಕಾರ್ಡಿನ ಕಾಲದಲ್ಲಿ ಒಂದೊಂದು ಮಗ್ಗುಲಿಗೆ ಒಂದೊಂದು. ಪಿಯಾನೋ ಇಲ್ಲವೇ ಇಲ್ಲ. ಸ್ಯಾಕ್ಸೊಫೋನ್ ಜೊತೆಗೆ ಪಿಟೀಲು, ಗಿಟಾರ್, ಬಾಸ್, ಡ್ರಮ್ಸ್. ನಮ್ಮ ಕಿವಿಗೆ ಸ್ಯಾಕ್ಸೊಫೋನ್ ಪಕ್ಕ ಪಿಟೀಲು ಕೇಳಿಸಿತು ಅಂದರೆ ಮುಗಿಯಿತು, ಮನಸ್ಸು ಸೀದಾ ಸ್ಯಾಕ್ಸೊಫೋನಿನ ಕದ್ರಿ ಗೋಪಾಲನಾಥ್ ಮತ್ತು ಪಿಟೀಲಿನ ಕನ್ಯಾಕುಮಾರಿ ಜೋಡಿಯ ಹತ್ತಿರ ಹೋಗಿ ಕೂರುತ್ತದೆ.

ಸುಳ್ಳು ಯಾಕೆ, ಸಿಡಿ ಕೊಂಡದ್ದೂ ಕದ್ರಿಯವರ ದೆಸೆಯಿಂದಲೇ. ಜಾಝ್ ನನಗೆ ಅಷ್ಟು ಗೊತ್ತಿಲ್ಲ. ಆದರೆ ಜಾನ್ ಹ್ಯಾಂಡಿ ಹೆಸರು ಚಿಕ್ಕಂದಿನಿಂದ ಗೊತ್ತು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವಕ್ಕೆ ಹ್ಯಾಂಡಿ ಬಂದಿದ್ದರು. ಕದ್ರಿಯವರು ನುಡಿಸುವುದನ್ನು ಕೇಳಿ, ನಾನೂ ಜೊತೆಗೆ ನುಡಿಸಲೇ ಅಂತ ತಾವಾಗಿ ಕೇಳಿ ವೇದಿಕೆ ಹತ್ತಿದರು. ಈ ಕಥೆಯನ್ನು ನನ್ನ ಸೋದರಮಾವ ನೂರು ಸಲ ಹೇಳಿದ್ದಾರೆ, ಹ್ಯಾಂಡಿಯ ಪೆಟ್ಟಿಗೆ ಹೊತ್ತವರು ತಾವೇ ಅನ್ನುವ ಹಾಗೆ.

ಲೈಬ್ರರಿ ಬಂತು. ಅಜ್ಜಿ ಇಳಿಯಲಿಲ್ಲ. ಮುಗಿಯಲಿ ಅಂತ ಕೈಸನ್ನೆ ಮಾಡಿದರು. ಪಾರ್ಕಿಂಗಿನಲ್ಲಿ ಇಂಜಿನ್ ಆರಿಸಿ ಮೂವರೂ ಕೂತೆವು. ಹಿಂದಿನ ಸೀಟಿನಲ್ಲಿ ಮಗಳು ಕನ್ನಡ ಹೋಮ್‌ವರ್ಕ್ ಅವಸರದಲ್ಲಿ ಮುಗಿಸುತ್ತಿದ್ದಳು. ಕೊನೆಗೆ ಜನ ಚಪ್ಪಾಳೆ ತಟ್ಟಿದರು. ಅಜ್ಜಿ ಡ್ಯಾಶ್‌ಬೋರ್ಡಿನ ಸ್ಪೀಕರ್ ಮೇಲೆ ಬೆರಳಿಟ್ಟು ಹೇಳಿದರು:

"ಈ ಚಪ್ಪಾಳೆಯಲ್ಲಿ ನಂದೂ ಒಂದಿದೆ."

ಆಗ ಅವರಿಗೆ ಹತ್ತೊಂಬತ್ತು. ಅಕ್ಕನ ಜೊತೆ ಹೋಗಿದ್ದರಂತೆ. ಮರುವರ್ಷ ಕೊಲಂಬಿಯಾ ಕಂಪನಿ ಎಲ್‌ಪಿ ತಂದಾಗ ಕೊಂಡಿದ್ದರು. ಯಾರಿಗೋ ಕೊಟ್ಟರು, ಅದು ವಾಪಸ್ ಬರಲಿಲ್ಲ. ಆಮೇಲೆ ಮದುವೆ, ಮಕ್ಕಳು, ಮರೆತೇ ಹೋಯಿತು. 1996ರಲ್ಲಿ ಕೋಕ್ ಅನ್ನುವ ಬೇರೆ ಕಂಪನಿ ಅದನ್ನು ಸಿಡಿ ಮಾಡಿ ಮತ್ತೆ ತಂದದ್ದು ಅವರಿಗೆ ಗೊತ್ತೇ ಇರಲಿಲ್ಲ. ಮೂವತ್ತು ವರ್ಷದ ಮೇಲೆ ಯಾರಿಗೋ ಇದು ಮತ್ತೆ ಬರಬೇಕು ಅನಿಸಿದೆ. ಆ ಯಾರೋ ಒಬ್ಬರ ಪುಣ್ಯದಿಂದ ಅಜ್ಜಿಯ ಹತ್ತೊಂಬತ್ತನೇ ವಯಸ್ಸಿನ ಕೈ ಸದ್ದು ನನ್ನ ಕಾರಿನಲ್ಲಿ ಕೇಳಿಸಿತು.

ನನಗೂ ಹುರುಪು ಬಂತು. ನಮ್ಮ ಕಡೆ ಸ್ಯಾಕ್ಸೊಫೋನ್ ಇಲ್ಲದೆ ಮದುವೆಯೂ ಆಗೋದಿಲ್ಲ, ಜಾತ್ರೆಯೂ ನಡೆಯೋದಿಲ್ಲ ಅಂದೆ. ಅಜ್ಜಿ ನಂಬಲಿಲ್ಲ. ನಾಗಸ್ವರ ನುಡಿಸುವವರ ಮಗನಾದ ಕದ್ರಿಯವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ನೋಡಿ ಮರುಳಾದದ್ದು, ವರ್ಷಗಟ್ಟಲೆ ಒದ್ದಾಡಿ ಅದರಲ್ಲಿ ಗಮಕ ಹೊರಡಿಸಿದ್ದು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದ್ದು ಎಲ್ಲ ಹೇಳಿದೆ. ನಿಮ್ಮ ಕೊಲರಾಡೋದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಅನ್ನುವ ಸ್ಯಾಕ್ಸೊಫೋನ್‌ ವಾದಕರಿಗೆ ಅವರ ಅಣ್ಣ ತಮಾಷೆಗೆ ಕದ್ರಿಯವರದೇ ಆಲ್ಬಮ್ ಒಂದನ್ನು ಕೊಟ್ಟಿದ್ದರು. ಆ ತಮಾಷೆ ಬೆಳೆದು ಕೊನೆಗೆ 2008ರಲ್ಲಿ ರುದ್ರೇಶ್ ಮತ್ತು ಕದ್ರಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಅಂತ ಆಲ್ಬಮ್ ಮಾಡಿದರು ಅಂತಲೂ ಹೇಳಿದೆ. ಹೆಸರಿನ ಅರ್ಥ ನೆಂಟರು. ಹೆಮ್ಮೆಯಿಂದ ಹೇಳುತ್ತಲೇ ಇದ್ದೆ.

ಆಗ ಹಿಂದಿನ ಸೀಟಿನಿಂದ ಬಂತು:

"ಅಪ್ಪ, ನಿನ್ನ ಚಪ್ಪಾಳೆ ಯಾವುದ್ರಲ್ಲಿದೆ?"

ಅವಳು ಸುಮ್ನೆ ಕೇಳಿದ್ದು. ಅಜ್ಜಿಯದು ಇದೆ, ಹಾಗಾದರೆ ಅಪ್ಪನದೂ ಎಲ್ಲೋ ಇರಬೇಕು ಅನ್ನುವ ಲೆಕ್ಕ. ನಾನು ಕಾರು ಸ್ಟಾರ್ಟ್ ಮಾಡಿ, ಕ್ಲಾಸಿಗೆ ತಡ ಆಯ್ತು ನಡಿ ಅಂದೆ.

ಇತ್ತು. ನಂದೂ ಒಂದು ಇತ್ತು.

ಮಾವ ದುಬೈಯಿಂದ ಬರುವಾಗ ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇರುವ ಟೂ-ಇನ್-ಒನ್ ತಂದಿದ್ದರು. ಊರ ದೇವಸ್ಥಾನದ ಜಾತ್ರೆಗೆ ಅದನ್ನು ಹೊತ್ತುಕೊಂಡು ಹೋದರು. ಆ ವರ್ಷ ಪಕ್ಕದ ಊರಿನವರೊಬ್ಬರ ಸ್ಯಾಕ್ಸೊಫೋನ್. ಹೆಸರು ಮಾಡಿದವರೇನಲ್ಲ, ಬೆಳಿಗ್ಗೆ ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ನಮ್ಮಲ್ಲಿ ಅಂಥವರಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ? ಅವರು ಕಲ್ಯಾಣಿ ರಾಗ ಹಿಡಿದು ಬೆವರು ಸುರಿಸುತ್ತಿರುವಾಗ ಜನ ಪಂಕ್ತಿಯಲ್ಲಿ ಕೂತು ಸಾರಿನವನನ್ನು ಕರೆಯುತ್ತಿರುತ್ತಾರೆ. ಮುಗಿದರೆ ಗೊತ್ತಾಗುವುದೂ ಇಲ್ಲ, ಸದ್ದು ಕಡಿಮೆಯಾಯಿತಲ್ಲ ಅನಿಸುತ್ತದೆ, ಅಷ್ಟೆ. ಆವತ್ತು ಮಾವ ಮಾತ್ರ ತಟ್ಟಿದರು. ಟೇಪ್ ನನ್ನ ತೊಡೆಯ ಮೇಲಿತ್ತು. ಮಾವ ತಟ್ಟಿದರಲ್ಲ ಅಂತ ನಾನೂ ತಟ್ಟಿದೆ. ಮನೆಗೆ ಬಂದು ಕೇಳಿದರೆ ಬಟ್ಟಲು ಬಿದ್ದ ಸದ್ದು, ಯಾರೋ ಕೆಮ್ಮಿದ್ದು, ಮತ್ತೆ ಎರಡು ಜೊತೆ ಕೈ. ದೊಡ್ಡದೊಂದು, ಸಣ್ಣದೊಂದು.

ಮಾವ ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಸ್ಕ್ರೂಡ್ರೈವರಿನಿಂದ ಮುರಿದರು. ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಲಿಕ್ಕೆ ಬರುವುದಿಲ್ಲ. ಇನ್ನು ಯಾರೂ ಅಳಿಸಲಿಕ್ಕಾಗುವುದಿಲ್ಲ ಅಂತ ಅವರಿಗೆ ಧೈರ್ಯ.

ಎಂಟನೇ ಕ್ಲಾಸಿನಲ್ಲಿದ್ದಾಗ ನನಗೆ ರೇಡಿಯೋದ ಸಿನಿಮಾ ಹಾಡು ಬೇಕಾಗಿತ್ತು, ಖಾಲಿ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ. ಆ ತೂತಿಗೆ ಕಾಗದದ ಉಂಡೆ ತುರುಕಿದರೆ ಸಾಕು ಅಂತ ಕ್ಲಾಸಿನ ಹುಡುಗನೊಬ್ಬ ಹೇಳಿಕೊಟ್ಟಿದ್ದ. ತುರುಕಿದೆ. ಗುಂಡಿ ಸಲೀಸಾಗಿ ಕೆಳಗಿಳಿಯಿತು. ಅದು ಇಳಿದಾಗಿನ 'ಟಕ್' ನನಗೆ ಈಗಲೂ ನೆನಪಿದೆ. ಹಾಡು ಯಾವುದು ಅಂತ ನೆನಪಿಲ್ಲ.

ಇಲ್ಲಿನವರಿಗೆ ಹಳೆಯದರ ಬೆಲೆ ಗೊತ್ತು, ನಮ್ಮವರಿಗೆ ಗೊತ್ತಿಲ್ಲ ಅಂತ ನಾನು ಫೋನಿನಲ್ಲಿ ಎಷ್ಟು ಸಲ ಭಾಷಣ ಬಿಗಿದಿದ್ದೇನೋ. ನಮ್ಮವರಲ್ಲಿ ಒಬ್ಬರಿಗಂತೂ ಗೊತ್ತಿತ್ತು, ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು.

ಭಾನುವಾರ ಮಾವನಿಗೆ ಫೋನ್ ಮಾಡಿದೆ. ಅಜ್ಜಿಯ ಕಥೆ ಹೇಳಿದೆ, ಜಾನ್ ಹ್ಯಾಂಡಿ ಅಂದ ಕೂಡಲೇ ಬೊಂಬಾಯಿ ಕಥೆ ನೂರಾ ಒಂದನೇ ಸಲ ಕೇಳಿದೆ. ಆಮೇಲೆ ಮೆಲ್ಲಗೆ, "ಮಾವ, ಆ ಜಾತ್ರೆ ಕ್ಯಾಸೆಟ್..." ಅಂದೆ.

"ಅದಾ? ಅಳಿಸಿದ್ದು ನೀನು ಅಂತ ಆವತ್ತೇ ಗೊತ್ತುಂಟು ಮಾರಾಯ. ಕಾಗದದ ಉಂಡೆ ತೆಗೆಯಲಿಕ್ಕೆ ಮರೆತಿದ್ದಿ. ನಿನ್ನದೇ ಗಣಿತದ ನೋಟ್ಸಿನ ಹಾಳೆ."

ಮೂವತ್ತು ವರ್ಷ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಅವರೇ ಮಾತು ಬದಲಿಸಿದರು.

"ಊರಿಗೆ ಬರುವಾಗ ಆ ಸಿಡಿ ತಾ. ಹಾಕಲಿಕ್ಕೆ ಇಲ್ಲಿ ಎಂತದೂ ಇಲ್ಲ. ಮೆಷಿನ್ನೂ ನೀನೇ ತರಬೇಕು."