ಬಿಜಾಪುರದ ಬಿಸಿಲಿಗೆ ಪೆರೋವ್‌ಸ್ಕೈಟ್ ಬಾಳಿಕೆ ಬಂದೀತೇ?

ಹೊಸ ಬಗೆಯ ಸೌರಕೋಶಗಳ ಸುದ್ದಿ ಓದಿದ್ದ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಇವು ಎಷ್ಟ್ ವರ್ಷ ಬಾಳಿಕಿ ಬರ್ತಾವ್ರಿ?" ಆ ಕೋಶಗಳಲ್ಲಿ ಬಿಸಿಲನ್ನು ಹೀರುವ ಹರಳು ವಸ್ತುವಾದ ಪೆರೋವ್‌ಸ್ಕೈಟ್ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ. ದಕ್ಷತೆಯಲ್ಲಿ ಈ ವಸ್ತು ಈಗಾಗಲೇ ತನ್ನ ಶಕ್ತಿಯನ್ನು ತೋರಿಸಿದೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಅವರ ತಂಡದ ಕೋಶವು ಬಿಸಿಲಿನ ಶೇ. 3.8ರಷ್ಟನ್ನು ಮಾತ್ರ ವಿದ್ಯುತ್ತಾಗಿ ಪರಿವರ್ತಿಸಿತ್ತು. ಇಂದು ಪ್ರಯೋಗಾಲಯದ ಪುಟ್ಟ ಕೋಶಗಳು ಶೇ. 26ನ್ನು ದಾಟಿವೆ, ಸಿಲಿಕಾನ್ ಮೇಲೆ ಪದರವಾಗಿ ಕೂಡಿಸಿದವು ಶೇ. 34ನ್ನೂ ದಾಟಿವೆ. ಆದರೆ 25 ವರ್ಷದ ವಾರಂಟಿಯೊಂದಿಗೆ ಬರುವ ಸಿಲಿಕಾನ್ ಪ್ಯಾನೆಲ್‌ಗಳ ಪಕ್ಕದಲ್ಲಿ ಇದು ನಿಲ್ಲಬೇಕಲ್ಲ.

ಹೆಚ್ಚು ಅಧ್ಯಯನಕ್ಕೆ ಒಳಗಾದ ಪೆರೋವ್‌ಸ್ಕೈಟ್‌ನಲ್ಲಿ ಮೀಥೈಲ್‌ಅಮೋನಿಯಂ ಎಂಬ ಸಾವಯವ ಘಟಕ, ಸೀಸ ಮತ್ತು ಅಯೋಡೈಡ್ ಇರುತ್ತವೆ. ಅರ್ಧ ಮೈಕ್ರಾನ್‌ನಷ್ಟು ತೆಳುವಾದ ಈ ಕಪ್ಪು ಪದರಕ್ಕೆ ತೇವ ತಗುಲಿದರೆ ಅಂಚಿನಿಂದ ಒಳಕ್ಕೆ ಹಳದಿ ಹರಡುತ್ತದೆ. ಆ ಹಳದಿಯೇ ಸೀಸದ ಅಯೋಡೈಡ್, ಅಂದರೆ ಹರಳು ಒಡೆದುಹೋದದ್ದರ ಗುರುತು. ಖಾನಾಪುರದ ಮಳೆಗಾಲ ನೋಡಿದವರಿಗೆ ನೀರೇ ದೊಡ್ಡ ಶತ್ರುವೆಂದು ತೋರಬಹುದು. ನನ್ನ ಅಭಿಪ್ರಾಯ ಬೇರೆ. ಎರಡು ಗಾಜುಗಳ ನಡುವೆ ಕೋಶವನ್ನಿಟ್ಟು ಅಂಚಿಗೆ ಬ್ಯುಟೈಲ್ ರಬ್ಬರ್ ಹಾಕಿ ಮುಚ್ಚಿದರೆ ನೀರನ್ನು ಬಹುಕಾಲ ಹೊರಗಿಡಬಹುದು, ಆದರೆ ಕಾವನ್ನು ಹೊರಗಿಡುವ ಗಾಜು ಇಲ್ಲ.

ಮೇ ತಿಂಗಳ ಮಧ್ಯಾಹ್ನ ವಿಜಯಪುರದಲ್ಲಿ ಗಾಳಿಯ ಉಷ್ಣತೆ 42 ಡಿಗ್ರಿ ಇದ್ದಾಗ ಮಾಳಿಗೆಯ ಮೇಲಿನ ಪ್ಯಾನೆಲ್ 65ರಿಂದ 70 ಡಿಗ್ರಿಯವರೆಗೆ ಕಾಯುತ್ತದೆ. ಅಂಗೈ ಇಟ್ಟರೆ ತಡೆಯಲಾಗದು. 85 ಡಿಗ್ರಿಯ ಹೊತ್ತಿಗೆ ಮೀಥೈಲ್‌ಅಮೋನಿಯಂ ಆವಿಯಾಗಿ ಪದರದಿಂದ ಹೊರಬೀಳಲು ತೊಡಗುತ್ತದೆ. ಸಾಲದ್ದಕ್ಕೆ, ಪೆರೋವ್‌ಸ್ಕೈಟ್ ಗಾಜಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುವ ವಸ್ತುವಾದುದರಿಂದ ಹಗಲಿನ ಕಾವು ಮತ್ತು ರಾತ್ರಿಯ ತಂಪಿನ ನಡುವೆ ಪದರಗಳು ಒಂದನ್ನೊಂದು ಜಗ್ಗುತ್ತಲೇ ಇರುತ್ತವೆ.

ಮೀಥೈಲ್‌ಅಮೋನಿಯಂ ಬದಲಿಗೆ ಫಾರ್ಮಮಿಡಿನಿಯಂ ಬಳಸಿದರೆ ಕಾವನ್ನು ತಡೆಯುವ ಶಕ್ತಿ ಹೆಚ್ಚುತ್ತದೆ. ಆದರೆ ಈ ಅಯಾನು (ವಿದ್ಯುದಾವೇಶ ಹೊತ್ತ ಕಣ) ಗಾತ್ರದಲ್ಲಿ ತುಸು ದೊಡ್ಡದು. ಹರಳಿನ ಚೌಕಟ್ಟಿನಲ್ಲಿ ಸರಿಯಾಗಿ ಕೂಡದೆ, ಸಾಮಾನ್ಯ ಉಷ್ಣತೆಯಲ್ಲಿ ಕಪ್ಪು ರೂಪವು ನಿಧಾನಕ್ಕೆ ಕೆಲಸಕ್ಕೆ ಬಾರದ ಹಳದಿ ರೂಪಕ್ಕೆ ತಿರುಗುತ್ತದೆ. ಸೀಸಿಯಂ ಎಂಬ ಬೇರೊಂದು ಲೋಹದ ಅಯಾನು ತೀರ ಚಿಕ್ಕದು, ಅದೊಂದನ್ನೇ ಹಾಕಿದರೂ ಇದೇ ತೊಂದರೆ. ಎರಡನ್ನೂ ಬೆರೆಸಿದಾಗ ಚೌಕಟ್ಟು ಗಟ್ಟಿಯಾಗುತ್ತದೆ. ಯಾವ ಅಯಾನು ಎಲ್ಲಿ ಕೂಡುತ್ತದೆ ಎಂಬ ಈ ಲೆಕ್ಕವನ್ನು ಭೂರಸಾಯನ ವಿಜ್ಞಾನಿ ವಿಕ್ಟರ್ ಗೋಲ್ಡ್‌ಶ್ಮಿಟ್ 1926ರಲ್ಲೇ ಕೊಟ್ಟಿದ್ದರು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇಷ್ಟಾದರೂ ಅಯೋಡೈಡ್ ಅಯಾನುಗಳ ಸಂಚಾರ ನಿಲ್ಲುವುದಿಲ್ಲ. ಬೆಳಕು ಬಿದ್ದಾಗ ಅವು ಜಾಗ ಬಿಟ್ಟು ಸರಿಯುತ್ತವೆ, ಕತ್ತಲಾದಾಗ ಒಂದಿಷ್ಟು ಮರಳುತ್ತವೆ, ಕಾವು ಏರಿದಂತೆ ಈ ಓಡಾಟವೂ ಚುರುಕಾಗುತ್ತದೆ. ಆದ್ದರಿಂದಲೇ ಎಡೆಬಿಡದೆ ಬೆಳಕಿನಲ್ಲಿಟ್ಟು ನಡೆಸಿದ ಪರೀಕ್ಷೆಯಿಂದ ಹಗಲು-ರಾತ್ರಿಗಳ ಸರದಿಯಲ್ಲಿ ಕೋಶ ಹೇಗೆ ನಡೆದುಕೊಳ್ಳುತ್ತದೆಂದು ಊಹಿಸಲಾಗದು. 85 ಡಿಗ್ರಿ ಉಷ್ಣತೆ, ಶೇ. 85 ತೇವಾಂಶ, 1000 ಗಂಟೆ ಎಂಬ ಹೆಸರಾಂತ ಅಂತರರಾಷ್ಟ್ರೀಯ ಪರೀಕ್ಷೆ ಅಗತ್ಯವೇ ಹೌದು, ಆದರೆ ಅದು ನಡೆಯುವುದು ಕತ್ತಲಲ್ಲಿ. ಬಯಲುಸೀಮೆಯ ನಮಗೆ ಬೇಕಿರುವುದು ಬೆಳಕು ಮತ್ತು ಕಾವು ಒಟ್ಟಿಗೇ ಇರುವಾಗಿನ ಅಂಕಿಗಳು, ಅದರಲ್ಲೂ ಬಯಲಿನಲ್ಲಿ ಪೂರ್ತಿ ಬೇಸಿಗೆ ಕಳೆದ ದೊಡ್ಡ ಪ್ಯಾನೆಲ್‌ಗಳ ಅಂಕಿಗಳು.

ಬಾಳಿಕೆಯ ಮಾತು ವಿದ್ಯುತ್ತಿಗಷ್ಟೇ ಸೀಮಿತವಲ್ಲ. ಆಲಿಕಲ್ಲು ಬಿದ್ದು ಗಾಜು ಒಡೆದರೆ ಹರಳಿನ ಸೀಸ ಮಳೆನೀರಿನೊಂದಿಗೆ ತೋಟದ ಮಣ್ಣಿಗಿಳಿಯಬಹುದು. ಸೀಸವನ್ನು ಹಿಡಿದಿಟ್ಟುಕೊಳ್ಳುವ ಪದರಗಳನ್ನು ಕೋಶದ ಎರಡೂ ಬದಿಗೆ ಹಚ್ಚುವ ಸಂಶೋಧನೆ ನಡೆದಿದೆ. ಬಳ್ಳಿಯ ಪಕ್ಕದಲ್ಲಿ ನಿಲ್ಲಿಸುವ ಪ್ಯಾನೆಲ್‌ಗೆ ಅಂಥ ಪದರ ಕಡ್ಡಾಯವಾಗಿರಬೇಕು.