ಎರಡು ಗಂಟು ಬುತ್ತಿ

30 ಡಿಸೆಂಬರ್ 2024, ಸೋಮವಾರ
ಎಳ್ಳು ಅಮಾವಾಸ್ಯೆ

ಅವ್ವ ಇಲ್ಲದ ಮೊದಲ ಚರಗ, ಹೊಲಕ್ಕೆ ಎಡೆ ಚೆಲ್ಲುವ ಹಬ್ಬ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರನ್ನು ಪೂಜಿಸಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅತ್ತಿಗೆ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಆದರೂ ಊಟಕ್ಕೆ ಕುಳಿತಾಗ ಅಣ್ಣನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎನ್ನುತ್ತಾರೆ ನಮ್ಮ ಡೋಣಿ ಹೊಳೆಯ ಕಡೆ. ಬೆಳೆಯದ ವರ್ಷಗಳೂ ಇದ್ದವು. ಆಗಲೂ ಅವ್ವ ಬಾಗಿಲಿಗೆ ಬಂದವರಿಗೆ ಸೇರು ತುಂಬಿ ಜೋಳ ಹಾಕಿ, ಮೇಲೊಂದು ಬೊಗಸೆ ಸುರಿಯುತ್ತಿದ್ದಳು. ಅಪ್ಪ ಗೊಣಗಿದರೆ, "ಸೇರು ನಿಮ್ಮದು, ಬೊಗಸೆ ನನ್ನದು" ಎನ್ನುವಳು.

ನಾನು ವಿಜಯಪುರದಲ್ಲಿ ಕೋಣೆ ಹಿಡಿದು ಓದುವಾಗ ತಾಳಿಕೋಟಿಯಿಂದ ಬರುವ ಬೆಳಗಿನ ಬಸ್ಸಿಗೆ ಬುತ್ತಿ ಇಟ್ಟು ಕಳಿಸುತ್ತಿದ್ದಳು. ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ರೊಟ್ಟಿ, ಡಬ್ಬಿಯಲ್ಲಿ ಪಲ್ಲೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಗಂಟು ಬಿಚ್ಚಿದರೆ ರೊಟ್ಟಿ ಇನ್ನೂ ಬೆಚ್ಚಗಿರುತ್ತಿತ್ತು. ನನ್ನ ಜೊತೆಗಿದ್ದ ಗೆಳೆಯನಿಗೆ ತಾಯಿ ಇರಲಿಲ್ಲ. ಒಮ್ಮೆ ರಜೆಯಲ್ಲಿ ಅವನನ್ನು ಊರಿಗೆ ಕರೆದೊಯ್ದಿದ್ದೆ. ಅದರ ಮುಂದಿನ ವಾರದಿಂದ ಬಸ್ಸಿನಲ್ಲಿ ಎರಡು ಗಂಟು ಬರತೊಡಗಿದವು. ಗುರುತಿಗೆ ಅವನದಕ್ಕೆ ಕೆಂಪು ದಾರ.

"ಒಂದರಲ್ಲೇ ಇಬ್ಬರೂ ಉಣ್ಣುತ್ತೇವೆ, ಎರಡೇಕೆ ಅವ್ವಾ?" ಎಂದು ಕೇಳಿದೆ.

"ನಿನ್ನದರಲ್ಲಿ ಅವನು ಹೊಟ್ಟೆ ತುಂಬ ಉಣ್ಣುವುದಿಲ್ಲಪ್ಪ. ಅವನದು ಅವನಿಗೇ ಇರಲಿ."

ಎರಡು ದಿನ ತನ್ನ ಕೈಯಡುಗೆ ಉಂಡ ಹುಡುಗನ ಸಂಕೋಚ ಅವಳಿಗೆ ಅಷ್ಟು ತಿಳಿದಿತ್ತು. ಯಾರ ಮಗ, ಯಾವ ಓಣಿಯವನು, ಮುಂದೆ ಏನಾಗುತ್ತಾನೆ, ಒಂದನ್ನೂ ವಿಚಾರಿಸಿರಲಿಲ್ಲ. ಅವನು ಒಂದು ವರ್ಷ ನಪಾಸಾದ. ಕೋಣೆಯ ಬಾಗಿಲು ಹಾಕಿಕೊಂಡು ಮಲಗಿಬಿಟ್ಟಿದ್ದ. ಆ ವಾರ ಕೆಂಪು ದಾರದ ಗಂಟು ದೊಡ್ಡದಾಗಿತ್ತು, ಹೋಳಿಗೆಗಳು ಹೆಚ್ಚಿದ್ದವು. ಪರೀಕ್ಷೆಯ ಮಾತನ್ನು ಅವಳು ಆಮೇಲೂ ಎತ್ತಲಿಲ್ಲ.

ಇವತ್ತು ಅವನು ಹೆಂಡತಿ ಮಕ್ಕಳೊಡನೆ ಹೊಲಕ್ಕೆ ಬಂದಿದ್ದ. ಅಣ್ಣನ ಕೈಯಿಂದ ಚರಗದ ಬುಟ್ಟಿ ಇಸಿದುಕೊಂಡು ಜೋಳದ ಸಾಲುಗಳ ನಡುವೆ ತಾನೇ ಚೆಲ್ಲುತ್ತ ಹೋದ. ಸಂಜೆ ಹೊರಡುವಾಗ ಅತ್ತಿಗೆ ಬುತ್ತಿ ಕಟ್ಟಿದರು. ಅವನು ಬೇಡ ಎನ್ನಲಿಲ್ಲ. "ವೈನಿ, ಹಿಂಡಿ ಇನ್ನಷ್ಟು ಹಾಕಿರಿ" ಎಂದು ಕೇಳಿ ಹಾಕಿಸಿಕೊಂಡ.